ಹದಿನೇಳು ಪೊಟ್ಟಣ ಪುನುಗು

ನಾನು ತಲೆ ತಗ್ಗಿಸಿಕೊಂಡು ನಡೆಯುವವಳು. ಹೆಮ್ಮೆಗೆ ಹೇಳುತ್ತಿಲ್ಲ, ಚಟದ ವಿಷಯ ಹೇಳುತ್ತಿದ್ದೇನೆ. ಅರಸೀಕೆರೆಯ ಸಂತೆಯಲ್ಲಾಗಲಿ, ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಾಗಲಿ, ಯಾರದೋ ಮದುವೆ ಛತ್ರದಲ್ಲಾಗಲಿ ನನ್ನ ಕಣ್ಣು ನೆಲದ ಮೇಲೇ ಇರುತ್ತದೆ. ಎದುರಿಗೆ ಬಂದವರ ಚಪ್ಪಲಿಯ ಗುರುತು ಸಿಗುತ್ತದೆ, ಮುಖದ ಗುರುತು ಸಿಗುವುದಿಲ್ಲ. ನಮ್ಮ ಚಿಕ್ಕಪ್ಪ ಒಮ್ಮೆ ದಾರಿಗೆ ಅಡ್ಡ ನಿಂತು ಎರಡು ಸಲ ಕೆಮ್ಮಿದರೂ ನಾನು ಕರೆಂಟು ಕಂಬವನ್ನು ಬಳಸಿ ಹೋಗುವಂತೆ ಅವರನ್ನು ಬಳಸಿಕೊಂಡು ಹೋಗಿಬಿಟ್ಟೆನಂತೆ. ಆಮೇಲೆ ಆರು ತಿಂಗಳು ಅವರು ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ಊರಿನವರು ಈ ಚಟಕ್ಕೆ ಬೇರೆಯೇ ಅರ್ಥ ಕಟ್ಟಿದ್ದರು. ಈ ಕಾಲದಲ್ಲೂ ನೆಲ ನೋಡಿಕೊಂಡು ನಡೆಯುವ ಹೆಣ್ಣುಮಗಳೊಬ್ಬಳಿದ್ದಾಳೆ ಎಂಬ ಕೀರ್ತಿ ನಮ್ಮೂರು ಗೆಂಡೆಹಳ್ಳಿಯಿಂದ ಹಾಸನದವರೆಗೂ ಹಬ್ಬಿ, ಅಲ್ಲಿಂದ ಒಂದು ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಕಾಫಿ ತಟ್ಟೆ ಹಿಡಿದು ತಲೆ ತಗ್ಗಿಸಿಯೇ ಬಂದೆ. ಗಂಡಿನ ತಾಯಿಗೆ ಸಂತೋಷದಿಂದ ಕಣ್ಣು ತುಂಬಿತು ಎಂದು ನಮ್ಮಮ್ಮ ಹೇಳುತ್ತಾಳೆ, ನಾನಂತೂ ನೋಡಲಿಲ್ಲ. ಅಷ್ಟರಲ್ಲಿ ನಾನು ತಟ್ಟೆಯನ್ನು ಪಕ್ಕಕ್ಕಿಟ್ಟು, ನಡುಮನೆಯ ಮೂಲೆಯಲ್ಲಿ ಬಗ್ಗಿ, ಏನೋ ಒಂದನ್ನು ಹೆಕ್ಕಿ ಬೆಳಕಿಗೆ ಹಿಡಿದು ಮೂಸಿ ನೋಡುತ್ತಿದ್ದೆ. ಅದೇನಮ್ಮ ಎಂದು ಆಕೆ ಅಕ್ಕರೆಯಿಂದಲೇ ಕೇಳಿದರು. "ಇಲೀದಲ್ಲ, ಬಾವಲೀದು," ಎಂದೆ. ಅವರು ಕಾಫಿ ಕುಡಿಯದೆ ಎದ್ದುಹೋದರು.

ಈಗ ನಿಮಗೆ ಗೊತ್ತಾಗಿರಬೇಕು. ನಾನು ಕಾಡಿನ ಸಂಶೋಧಕಿ. ಹಾಗೆಂದ ಕೂಡಲೇ ಜನ ಹುಲಿ, ಆನೆ, ಜೀಪು, ಬೈನಾಕ್ಯುಲರ್ ಎಂದೆಲ್ಲ ಕಲ್ಪಿಸಿಕೊಳ್ಳುತ್ತಾರೆ. ನನ್ನ ಸಂಶೋಧನೆ ಅಷ್ಟು ಎತ್ತರಕ್ಕೆ ಏರಿಲ್ಲ. ಪ್ರಾಣಿ ಎದ್ದುಹೋದ ಮೇಲೆ ಅಲ್ಲಿ ಏನು ಉಳಿದಿರುತ್ತದೋ ಅಲ್ಲಿಂದ ನನ್ನ ಕೆಲಸ ಶುರು. ಯಾವ ಪ್ರಾಣಿ ಯಾವ ಹಣ್ಣು ತಿಂದು, ಅದರ ಬೀಜವನ್ನು ಎಲ್ಲಿ ಕೊಂಡೊಯ್ದು ಹಾಕಿತು, ಅಲ್ಲಿ ಅದು ಮೊಳೆಯಿತೋ ಇಲ್ಲವೋ. ಇಷ್ಟೇ. ಇದಕ್ಕೆ ಐದು ವರ್ಷ ಓದಬೇಕೆ ಎಂದು ನಮ್ಮಪ್ಪ ಒಮ್ಮೆ ಕೇಳಿದ್ದರು. ಆರು ಎಂದು ತಿದ್ದಿದ್ದೆ.

ನಿಜ ಹೇಳಬೇಕೆಂದರೆ ಈ ವಿದ್ಯೆಯಲ್ಲಿ ನನ್ನ ಮೊದಲ ಗುರು ನಮ್ಮಜ್ಜಿ. ಆಕೆಗೆ ಹತ್ತು ಮೇಕೆ ಇದ್ದವು. ಬೇಸಗೆಯಲ್ಲಿ ಮೇಕೆಗಳು ಜಾಲಿಕಾಯಿ ತಿಂದು ಬಂದು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದವು. ಬೆಳಗಾಗೆದ್ದು ಅಜ್ಜಿ ಕೊಟ್ಟಿಗೆ ಗುಡಿಸಿ, ಆ ಕಸವನ್ನು ಜರಡಿ ಹಿಡಿದು, ಅದರಲ್ಲಿದ್ದ ಬೀಜವನ್ನೆಲ್ಲ ಬೇರೆ ಮಾಡಿ ಬೇಲಿಯುದ್ದಕ್ಕೂ ಊರುತ್ತಿದ್ದಳು. ಮರದ ಕೆಳಗೆ ಬೀಜ ರಾಶಿ ಬಿದ್ದಿರುವಾಗ ಇಲ್ಲೇಕೆ ಹುಡುಕುತ್ತೀಯೆ ಎಂದು ನಾನು ಮೂಗು ಮುಚ್ಚಿಕೊಂಡು ಕೇಳಿದರೆ, "ಆಡಿನ ಹೊಟ್ಟೇಲಿ ಒಂದ್ಸತಿ ಹೋಗ್ ಬಂದ ಬೀಜ ಹುಸಿ ಹೋಗಕಿಲ್ಲ ಕಣ್ ಕೂಸೇ," ಎನ್ನುತ್ತಿದ್ದಳು. ನಾನು ಆರು ವರ್ಷ ಓದಿ ಇದೇ ಮಾತನ್ನು ಇಂಗ್ಲಿಷಿನಲ್ಲಿ ನೂರೆಂಬತ್ತು ಪುಟ ಬರೆಯುತ್ತಿದ್ದೇನೆ. ಅಜ್ಜಿಯ ಹೆಸರನ್ನು ಎಲ್ಲಿ ಸೇರಿಸಬೇಕೆಂದು ಮಾತ್ರ ಇನ್ನೂ ತಿಳಿದಿಲ್ಲ.

ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮನ್ನು ಹಳೇಬೀಡಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಗೋಡೆಯ ಮೇಲಿನ ಆನೆಸಾಲು, ಕುದುರೆಸಾಲು, ಬಳ್ಳಿಸಾಲುಗಳನ್ನು ಮೇಷ್ಟರು ಕೋಲು ಚಾಚಿ ತೋರಿಸುತ್ತಿದ್ದರೆ ನಾನು ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಕಿವಿ ಹಿಂಡಿಸಿಕೊಂಡೆ. ಅಲ್ಲಿಂದ ಬಸ್ತಿಹಳ್ಳಿಗೆ ಹೋದೆವು. ಎಲ್ಲ ಹುಡುಗಿಯರೂ ಬಸದಿಯ ನುಣುಪು ಕಂಬದಲ್ಲಿ ತಮ್ಮ ಮುಖ ಉದ್ದಗಾಗುವುದನ್ನೂ ಅಗಲವಾಗುವುದನ್ನೂ ನೋಡಿ ನಗುತ್ತಿದ್ದರೆ, ನನಗೆ ಆಚೆ ರಸ್ತೆ ಬದಿಯ ಮೋಟುಗೋಡೆಯ ಮೇಲೆ ಕಪ್ಪಗೆ, ಬೆರಳುದ್ದಕ್ಕೆ, ಬೀಜ ಬೀಜವಾಗಿ ಒಂದು ವಸ್ತು ಸಿಕ್ಕಿತು. ನೋಡಲು ಥೇಟು ಕಡಲೆಮಿಠಾಯಿ. ಕರ್ಚೀಫಿನಲ್ಲಿ ಕಟ್ಟಿಕೊಂಡೆ. ಬಸ್ಸಿನಲ್ಲಿ ಪಕ್ಕದಲ್ಲಿದ್ದ ರಾಣಿ, ಒಬ್ಬಳೇ ತಿನ್ನುತ್ತೀಯಾ ಎಂದು ಕಸಿದುಕೊಂಡಳು. ಅವಳು ಬಾಯಿಗೆ ಹಾಕುವಷ್ಟರಲ್ಲಿ ಮೇಷ್ಟರು ಬಸ್ಸಿನಲ್ಲಿ ತಿಂಡಿ ತಿನ್ನಬಾರದೆಂದು ಕಿತ್ತು ಕಿಟಕಿಯಾಚೆ ಎಸೆದರು. ಆ ಮೇಷ್ಟರನ್ನು ಅವಳು ಇಂದಿಗೂ ಬೈಯುತ್ತಾಳೆ. ನಾನು ಇಂದಿಗೂ ಬಾಯಿ ಬಿಟ್ಟಿಲ್ಲ.

ಅದು ಪುನುಗು ಬೆಕ್ಕಿನದೆಂದು ನನಗೆ ತಿಳಿದದ್ದು ಹನ್ನೆರಡು ವರ್ಷಗಳ ಮೇಲೆ. ಅದಕ್ಕೆ ಏನೆನ್ನಬೇಕೆಂಬುದು ಮಾತ್ರ ಆಗಲೂ ತಿಳಿಯಲಿಲ್ಲ. ಈ ವಿಷಯದಲ್ಲಿ ನಮ್ಮ ಭಾಷೆ ಎಷ್ಟು ಶ್ರೀಮಂತವೆಂದರೆ ಒಬ್ಬರದನ್ನು ಇನ್ನೊಬ್ಬರಿಗೆ ಹಚ್ಚುವಂತಿಲ್ಲ. ಹಸುವಿನದು ಸಗಣಿ, ಆನೆ ಕುದುರೆಯದು ಲದ್ದಿ, ಮೇಕೆ ಇಲಿಗಳದು ಹಿಕ್ಕೆ. ಆನೆಯ ಹಿಕ್ಕೆ ಎಂದರೆ ಆನೆಗೆ ಅವಮಾನ, ಇಲಿಯ ಲದ್ದಿ ಎಂದರೆ ಇಲಿಗೆ ಜಂಬ. ಪಾಪ, ಪುನುಗು ಬೆಕ್ಕಿಗೆ ಮಾತ್ರ ಸ್ವಂತದ್ದೊಂದು ಪದವಿಲ್ಲ. ಬಹಳ ಯೋಚಿಸಿ ನಾನು ಹಿಕ್ಕೆ ಎಂದು ಇಟ್ಟುಕೊಂಡೆ. ಇಟ್ಟುಕೊಂಡೆನೇ ಹೊರತು ನಾಲ್ಕು ಜನರ ಎದುರು ಆಡುವ ಧೈರ್ಯ ಮಾಡಲಿಲ್ಲ. ಮುಂದೆ ಆದದ್ದಕ್ಕೆಲ್ಲ ಈ ಸಂಕೋಚವೇ ಮೂಲ.

ನನ್ನ ಕೆಲಸದ ಜಾಗ ಅರಸೀಕೆರೆ ಹತ್ತಿರದ ಮಾಲೇಕಲ್ಲು ಬೆಟ್ಟದ ಆಸುಪಾಸು. ಮೇಲೆ ವೆಂಕಟರಮಣಸ್ವಾಮಿ, ಕೆಳಗೆ ತೆಂಗಿನ ತೋಟಗಳು, ನಡುವೆ ಬಂಡೆ, ಮುಳ್ಳು, ಕುರುಚಲು. ಭಕ್ತರೆಲ್ಲ ಮೇಲೆ ನೋಡುತ್ತಾ ಗೋವಿಂದ ಗೋವಿಂದ ಎಂದು ಹತ್ತುತ್ತಾರೆ. ನಾನು ಕೆಳಗೆ ನೋಡುತ್ತಾ ಅವರ ಜೊತೆಗೇ ಹತ್ತಿ, ಅರ್ಧಕ್ಕೆ ಮೆಟ್ಟಿಲು ಬಿಟ್ಟು ಬಂಡೆಗಳ ಕಡೆ ಇಳಿಯುತ್ತೇನೆ. ಏನೋ ಕಠಿಣ ಹರಕೆ ಇರಬೇಕೆಂದು ಕೆಲವರು ಕೈಮುಗಿದದ್ದುಂಟು. ಕಳೆದುಹೋದ ಓಲೆ ಹುಡುಕಿಕೊಡಿ ಎಂದು ಕೇಳಿದವರೂ ಉಂಟು. ಇದುವರೆಗೆ ಎರಡು ಓಲೆ, ಒಂದು ಕಾಲುಂಗುರ, ಒಂದು ಹಲ್ಲಿನ ಸೆಟ್ಟು ಹುಡುಕಿಕೊಟ್ಟಿದ್ದೇನೆ. ಹಲ್ಲಿನ ಸೆಟ್ಟಿನ ಯಜಮಾನರು ಆಶೀರ್ವಾದ ಮಾಡಿದರು. ಹಲ್ಲು ಕೈಯಲ್ಲಿದ್ದದ್ದರಿಂದ ಏನೆಂದು ಆಶೀರ್ವಾದ ಮಾಡಿದರೋ ತಿಳಿಯಲಿಲ್ಲ.

ಬೆಟ್ಟದಲ್ಲಿ ನನಗೆ ದಾರಿ ತೋರಿಸುವವನು ನಿಂಗಣ್ಣ. ತಪ್ಪಲಿನ ಊರಿನವನು, ಐವತ್ತು ದಾಟಿದವನು, ಕುರಿ ಮೇಯಿಸುವವನು. ಬೆಕ್ಕು ಯಾವ ಬಂಡೆಯ ಮೇಲೆ ಕೂರುತ್ತದೆ, ಯಾವ ಮರದ ಹಣ್ಣಿಗೆ ಬರುತ್ತದೆ, ಎಲ್ಲ ಅವನಿಗೆ ಗೊತ್ತು. ನಾನು ಪುಸ್ತಕ ನೋಡಿ, ಹಣ್ಣು ತಿನ್ನುವುದು ನಿಜಕ್ಕೂ ಮರಬೆಕ್ಕು, ಪುನುಗು ಕೊಡುವ ಬೆಕ್ಕು ಬೇರೆ ಎಂದು ಅವನಿಗೆ ಪಾಠ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, ನಮ್ಮ ಕಡೆ ಎಲ್ಲಾನೂ ಪುನುಗು ಬೆಕ್ಕೇ ಎಂದ. ನಾನೂ ಅಲ್ಲಿಗೆ ಬಿಟ್ಟೆ.

ಇನ್ನು ಅರಸೀಕೆರೆಯಲ್ಲಿ ನಾನು ಬಾಡಿಗೆಗಿರುವ ಮನೆಯ ವಿಷಯ. ಕೆಳಗೆ ಮನೆಯವರು, ಮಹಡಿಯ ಮೇಲೆ ನನ್ನದೊಂದು ಕೋಣೆ. ಮನೆಯ ಯಜಮಾನರು ಮೂರ್ತಿಗಳು, ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಯಾವ ರೈಲು ಎಷ್ಟು ತಡವೆಂದು ಕೂಗು ಕೇಳಿಯೇ ಹೇಳುತ್ತಾರೆ, ಹೇಳಿ ಬೇಸರ ಪಡುತ್ತಾರೆ. ಅವರ ಹೆಂಡತಿ ಜಾನಕಮ್ಮನವರು. ಅವರ ತವರಿನವರು ತಲೆತಲಾಂತರದಿಂದ ದೇವಸ್ಥಾನದ ಸೇವೆಯವರು. ಮನೆದೇವರು ವೆಂಕಟರಮಣ. ಮಡಿ ಎಂದರೆ ಮಡಿ. ಅವರ ಮಡಿಬಟ್ಟೆ ಒಣಗುವ ಗಳುವಿಗೆ ಕಾಗೆ ಕೂಡ ಮೈ ತಗುಲಿಸದೆ ದಾಟುತ್ತದೆ.

ಇಂಥ ಮನೆಯಲ್ಲಿ, ನೀವು ಏನು ಕೆಲಸ ಮಾಡುವುದಮ್ಮ ಎಂದು ಕೇಳಿದಾಗ, ಗೆಂಡೆಹಳ್ಳಿಯ ಒಕ್ಕಲು ಮನೆಯಿಂದ ಬಂದ ನಾನು ಏನು ಹೇಳಲಿ? "ಬೀಜದ ಕೆಲಸ" ಎಂದೆ. ಸುಳ್ಳಲ್ಲ, ನಿಜವೂ ಅಲ್ಲ. ಜಾನಕಮ್ಮನವರಿಗೆ ಖುಷಿಯಾಯಿತು. ಹೀರೇಕಾಯಿ ಬೀಜ ಸಿಕ್ಕರೆ ತಂದುಕೊಡು ಎಂದರು.

ಬೆಟ್ಟದಿಂದ ತಂದದ್ದನ್ನು ನಾನು ಮೊರದಲ್ಲಿ ಹರಡಿ ಮಹಡಿಯ ಮೇಲೆ ಆರಲು ಇಡುತ್ತಿದ್ದೆ. ಬಿಸಿಲಲ್ಲಿ ಅಲ್ಲ, ನೆರಳಲ್ಲಿ. ಬಿಸಿಲು ಬಿದ್ದರೆ ನೇರಳೆ ಬೀಜ ಸತ್ತೇಹೋಗುತ್ತದೆ. ಅದೇ ಮಹಡಿಯ ಬಿಸಿಲಿನ ಭಾಗದಲ್ಲಿ ಜಾನಕಮ್ಮನವರ ಸಂಡಿಗೆ. ಹೀಗೆ ಒಂದೇ ಸೂರಿನ ಮೇಲೆ ಅರಳು ಸಂಡಿಗೆಯೂ ಬೆಕ್ಕಿನ ಹಿಕ್ಕೆಯೂ ಎರಡು ಮಾರು ಅಂತರದಲ್ಲಿ ಒಣಗುತ್ತಿದ್ದವು. ಗಾಳಿ ಬೀಸಿದ ದಿನ ನಾನು ಊಟಕ್ಕೆ ಸಂಡಿಗೆ ಬೇಡವೆನ್ನುತ್ತಿದ್ದೆ. ಎಣ್ಣೆ ಪದಾರ್ಥ ಆಗುವುದಿಲ್ಲವೇನೋ ಎಂದು ಅವರು ನನ್ನ ಆರೋಗ್ಯದ ಬಗ್ಗೆ ಚಿಂತಿಸುತ್ತಿದ್ದರು.

ಆರಿದ ಮೇಲೆ ಪೊಟ್ಟಣ ಕಟ್ಟಿ ಚೀಟಿ ಅಂಟಿಸಬೇಕು. ಚೀಟಿಯಲ್ಲಿ ಪ್ರಾಣಿಯ ಹೆಸರು, ವಸ್ತು, ಜಾಗ, ಸಂಖ್ಯೆ ಬರೆಯುವುದು ಕ್ರಮ. "ಪುನುಗು ಬೆಕ್ಕು, ಹಿಕ್ಕೆ, ಮಾಲೇಕಲ್ಲು, ೧" ಎಂದು ಬರೆಯಲು ಹೊರಟವಳು, ಕೋಣೆ ಗುಡಿಸಲು ಜಾನಕಮ್ಮನವರು ಒಮ್ಮೊಮ್ಮೆ ಮೇಲೆ ಬರುವುದು ನೆನಪಾಗಿ ಕೈ ತಡೆದೆ. ಕೊನೆಗೆ ಬರೆದದ್ದು ಇಷ್ಟು: "ಪುನುಗು, ಮಾಲೇಕಲ್ಲು, ೧." ಹಾಗೆ ಹದಿನೇಳು ಪೊಟ್ಟಣವಾದವು.

ಆ ಹದಿನೇಳು ಪೊಟ್ಟಣ ನನ್ನ ಪ್ರಾಣವಾಗಿತ್ತು. ಯಾಕೆಂದು ಹೇಳುತ್ತೇನೆ. ಬೆಟ್ಟದ ಹಿಂಬದಿಯಲ್ಲಿ ಒಂದು ಇಳಿಜಾರಿದೆ. ನೋಡುವವರಿಗೆ ಬೋಳು. ಬಗ್ಗಿ ನೋಡಿದರೆ ಬಂಡೆಯ ಸಂದಿಸಂದಿಯಲ್ಲೂ ಗೇಣುದ್ದದ ಬೇವು, ನೇರಳೆ, ಕಾರೆ ತಲೆಯೆತ್ತಿರುತ್ತವೆ. ಅವನ್ನು ನೆಟ್ಟವರು ಪುನುಗು ಬೆಕ್ಕುಗಳೇ ಎಂಬುದು ನನ್ನ ವಾದ. ಆ ಇಳಿಜಾರಿಗೆ ಜೆಸಿಬಿ ಹತ್ತಿಸಿ, ಸಾಲಾಗಿ ಗುಂಡಿ ತೋಡಿ, ಸಸಿ ನೆಡುವುದೆಂದು ಅರಣ್ಯ ಇಲಾಖೆಯಲ್ಲಿ ಯೋಜನೆಯಾಗಿತ್ತು. ಒಳ್ಳೆಯ ಉದ್ದೇಶವೇ. ಆದರೆ ಜೆಸಿಬಿ ಹತ್ತಿದರೆ ಬೆಕ್ಕು ನೆಟ್ಟದ್ದೆಲ್ಲ ಮಣ್ಣಾಗುತ್ತದೆ. ನಾನು ಅಧಿಕಾರಿಯೊಬ್ಬರ ಹತ್ತಿರ ಹೋಗಿ, ಅಲ್ಲಿ ಈಗಾಗಲೇ ಬಿತ್ತನೆಯಾಗಿದೆ ಸಾರ್ ಎಂದೆ. ಯಾರು ಬಿತ್ತಿದ್ದು ಎಂದರು. ಬೆಕ್ಕು ಎಂದೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ. ಬೆಕ್ಕು ಹಾಕಿದ ಬೀಜ ಮೊಳೆಯುತ್ತದೆಂದು ಗೌರಿ ಹಬ್ಬದೊಳಗೆ ತೋರಿಸಿದರೆ ಒಂದು ವರ್ಷ ತಡೆಯೋಣ, ಇಲ್ಲದಿದ್ದರೆ ಹಬ್ಬ ಕಳೆದ ಮೇಲೆ ಕೆಲಸ ಶುರು ಎಂದರು.

ಆಗ ಆಷಾಢ. ಆ ವರ್ಷದ ಹಣ್ಣು ಮುಗಿಯುತ್ತಾ ಬಂದಿತ್ತು. ಪೊಟ್ಟಣಗಳನ್ನು ತೆಗೆದುಕೊಂಡು ಹೋಗಿ ನಮ್ಮ ಕಾಲೇಜಿನ ನರ್ಸರಿಯಲ್ಲಿ ಒಂದೊಂದನ್ನೂ ಬೇರೆ ಬೇರೆ ಕುಂಡದಲ್ಲಿ ಬಿತ್ತುವುದಷ್ಟೇ ಉಳಿದಿತ್ತು. ಬುದ್ಧಿ ಇದ್ದವರು ಅವತ್ತೇ ಹೊರಡುತ್ತಿದ್ದರು. ನಾನು ಗೆಂಡೆಹಳ್ಳಿಗೆ ಹೋದೆ. ಮನೆಯ ಹಿಂದಿನ ಮರದಲ್ಲಿ ಕೊನೆಯ ಹಲಸಿನಹಣ್ಣು ನಿನಗೇ ಅಂತ ಇಟ್ಟಿದ್ದೀನಿ ಎಂದು ಅಮ್ಮ ಫೋನು ಮಾಡಿದ್ದಳು. ಒಂದು ದಿನ ಎಂದುಕೊಂಡು ಹೋದದ್ದು ಮೂರು ದಿನವಾಯಿತು. ಹಲಸಿನಹಣ್ಣು ದೊಡ್ಡದಿತ್ತು.

ಶುಕ್ರವಾರ ಸಂಜೆ ಅರಸೀಕೆರೆಗೆ ಬಂದು ಕೋಣೆಯ ಬಾಗಿಲು ತೆಗೆದರೆ ಮೇಜು ಖಾಲಿ. ಶ್ರಾವಣ ಬಂತೆಂದು ಜಾನಕಮ್ಮನವರು ನನ್ನ ಕೋಣೆಯನ್ನೂ ಗುಡಿಸಿ ಸಾರಿಸಿದ್ದರು. ಬಾಗಿಲಿಗೆ ರಂಗೋಲಿ, ಕಿಟಕಿಗೆ ಮಾವಿನೆಲೆ, ಪೊಟ್ಟಣ ಒಂದೂ ಇಲ್ಲ. ಮೆಟ್ಟಿಲು ಎರಡೆರಡೇ ಇಳಿದು ಕೆಳಗೆ ಬಂದೆ. ಜಾನಕಮ್ಮನವರು ನನ್ನನ್ನು ನೋಡಿದ್ದೇ ಎರಡೂ ಕೈ ಹಿಡಿದುಕೊಂಡರು. ಇಷ್ಟು ದಿನ ಜೊತೆಗಿದ್ದೂ ಇಂಥ ಪದಾರ್ಥ ಇಟ್ಟುಕೊಂಡಿದ್ದೇನೆಂದು ಒಂದು ಮಾತು ಹೇಳಲಿಲ್ಲವಲ್ಲ ಎಂದು ಗದರಿದರು.

ಪುನುಗೆಂದರೆ ನಿಮಗೆ ಗೊತ್ತಲ್ಲ. ಆ ಬೆಕ್ಕಿನಿಂದ ಬರುವ ಪರಿಮಳದ್ರವ್ಯ, ವೆಂಕಟರಮಣನ ಮೈಗೆ ಸಲ್ಲುವಂಥದ್ದು. ಅವರ ತಾತನ ಕಾಲದಲ್ಲಿ ಶ್ರಾವಣ ಶನಿವಾರಗಳಲ್ಲಿ ದೇವರಿಗೆ ಪುನುಗು ಹಚ್ಚುತ್ತಿದ್ದರಂತೆ. ಆಮೇಲೆ ಅಸಲಿ ಸಿಗದೆ ನಿಂತೇಹೋಯಿತಂತೆ. ಜಾನಕಮ್ಮನವರು ಚಿಕ್ಕಂದಿನಲ್ಲಿ ಒಂದೇ ಒಂದು ಸಲ ಅದರ ವಾಸನೆ ನೋಡಿದ್ದರು. ಈಗ ತಮ್ಮದೇ ಮಹಡಿಯ ಮೇಲೆ, ತಮ್ಮ ಸ್ವಾಮಿಯ ಬೆಟ್ಟದ ಹೆಸರು ಬರೆದ ಹದಿನೇಳು ಪೊಟ್ಟಣ ಪುನುಗು. ಮೊದಲ ಶ್ರಾವಣ ಶನಿವಾರಕ್ಕೆ ಸರಿಯಾಗಿ. ಗಟ್ಟಿಯಾಗಿತ್ತೆಂದು ದೇವರ ಬೆಳ್ಳಿಬಟ್ಟಲಲ್ಲಿ ನೀರು ಹಾಕಿ ನೆನೆಸಿ, ಕಿವುಚಿ, ತೆಳುಬಟ್ಟೆಯಲ್ಲಿ ಸೋಸಿ ಇಟ್ಟಿದ್ದರು.

ವಾಸನೆಯಾದರೂ ಕೈ ಹಿಡಿದೀತು ಎಂದು ನಾನು, ಅದು ಸ್ವಲ್ಪ ನಾರುತ್ತಿಲ್ಲವೇ ಎಂದೆ. ಜಗಲಿಯಲ್ಲಿ ಪೇಪರು ಓದುತ್ತಿದ್ದ ಮೂರ್ತಿಗಳು ಕನ್ನಡಕದ ಮೇಲಿನಿಂದ ನೋಡಿ, ಅಸಲಿ ಪುನುಗಿನ ಲಕ್ಷಣವೇ ಅದು, ಗಟ್ಟಿಯಿರುವಾಗ ನಾರಬೇಕು, ಆರುತ್ತಾ ಆರುತ್ತಾ ಕಂಪು ಬರಬೇಕು ಎಂದರು. ಮಾತು ನಿಜವೇ. ಅಸಲಿ ಪುನುಗು ಹಾಗೆಯೇ. ನಾನು ಮೇಲೆ ಹೋಗಿ ಮಂಚದ ಮೇಲೆ ಕೂತೆ.

ಬೀಜಗಳ ಗತಿ ಏನಾಯಿತೆಂಬ ಸಂಕಟ ಒಂದು ಕಡೆ. ಬೆಳಗಾದರೆ ಬೆಕ್ಕಿನ ಹಿಕ್ಕೆಯ ನೀರು ದೇವರ ಮೈಗೆ ಬೀಳುತ್ತದೆಂಬ ಭಯ ಇನ್ನೊಂದು ಕಡೆ. ಹೇಳಿದರೆ ಕೋಣೆ ಹೋಗುತ್ತದೆ; ಹೇಳದಿದ್ದರೆ ಆ ಹೆಂಗಸಿನ ಮುಖವನ್ನು ಮತ್ತೆ ನೋಡುವ ಯೋಗ್ಯತೆ ಹೋಗುತ್ತದೆ. ರಾತ್ರಿಯೇ ಗಂಟುಮೂಟೆ ಕಟ್ಟಿ ರೈಲು ಹತ್ತಿಬಿಡಲೇ ಎಂದೂ ಯೋಚಿಸಿದೆ. ಆದರೆ ಅರಸೀಕೆರೆಯಿಂದ ಯಾವ ರೈಲು ಹೊರಟರೂ ಮೂರ್ತಿಗಳಿಗೆ ತಿಳಿಯುತ್ತದೆ.

ಬೆಳಿಗ್ಗೆ ಸ್ನಾನ ಮಾಡಿ ಕೆಳಗೆ ಬಂದೆ. ಮೂರ್ತಿಗಳು ಹೂ ತರಲು ಹೋಗಿದ್ದರು. ಜಾನಕಮ್ಮನವರು ಮಡಿಸೀರೆಯುಟ್ಟು ದೇವರ ಮುಂದೆ ಮಣೆಯ ಮೇಲೆ ಕೂತಿದ್ದರು. ಬೆಳ್ಳಿಬಟ್ಟಲು ಪಕ್ಕದಲ್ಲಿತ್ತು. ನಾನು ಹೊಸ್ತಿಲಾಚೆ ನಿಂತು, ರಾತ್ರಿಯೆಲ್ಲ ಜೋಡಿಸಿಟ್ಟ ಮಾತನ್ನು ಮೆಲ್ಲಗೆ ತೆಗೆದೆ.

"ಜಾನಕಮ್ಮನವರೇ, ಅದು ಬೆಕ್ಕಿಂದು."

"ಪುನುಗು ಬೆಕ್ಕಿಂದಲ್ಲದೆ ಎಮ್ಮೇದಾಗುತ್ತೇನಮ್ಮ?" ಎಂದರು, ತಿರುಗದೆ.

"ಅಂದ್ರೆ, ಅದರ ಹಿಂದಿನಿಂದ ಬರೋದು."

"ಬಾಲದ ಕೆಳಗಿಂದಲೇ ಬರಬೇಕು. ನಮ್ಮ ತಾತ ಹೇಳೋರು."

"ನಾನು ಅದನ್ನ ಬಂಡೆ ಮೇಲಿಂದ ಎತ್ತಿಕೊಂಡು ಬಂದದ್ದು."

"ಬಂಡೆಗೇ ತೀಡೋದು ಅದು. ಅದೂ ಸ್ವಾಮಿ ಬೆಟ್ಟದ ಬಂಡೆ. ಪುಣ್ಯ ಮಾಡಿದೀಯ ಕಣೆ."

"ಹಣ್ಣು ತಿಂದಾದ ಮೇಲೆ ಬರೋದು..."

"ಹಣ್ಣು ತಿನ್ನುತ್ತಾ? ನೋಡು, ಎಂಥ ಸಾತ್ವಿಕ ಪ್ರಾಣಿ."

ಅವರ ಕೈ ಬಟ್ಟಲ ಕಡೆ ಹೋಯಿತು. ಮರ್ಯಾದಸ್ಥ ಮಾತುಗಳೆಲ್ಲ ಮುಗಿದಿದ್ದವು. ಬೆಕ್ಕಿನ ವಿಷಯದಲ್ಲಿ ನಾಜೂಕಾಗಿ ಏನೇ ಹೇಳಿದರೂ ಅದು ಪುನುಗಿಗೂ ಸಲ್ಲುತ್ತದೆ. ಬೇರೆ ಮಾಡುವ ಪದ ಇಡೀ ಕನ್ನಡದಲ್ಲಿ ಒಂದೇ ಒಂದಿತ್ತು. ಕಣ್ಣು ಮುಚ್ಚಿಕೊಂಡೆ.

"ಅದು ಹಿಕ್ಕೆ."

ಕಣ್ಣು ಬಿಟ್ಟಾಗ ಅವರ ಕೈ ಗಾಳಿಯಲ್ಲಿಯೇ ನಿಂತಿತ್ತು. ಬಟ್ಟಲನ್ನು ನೋಡಿದರು, ದೇವರನ್ನು ನೋಡಿದರು, ನನ್ನನ್ನು ನೋಡಿದರು. ಯಾಕೆ ಮೊದಲೇ ಹೇಳಲಿಲ್ಲ ಎಂದರು. ಕೋಣೆ ಬಿಡಿಸುತ್ತೀರೆಂದು ಹೆದರಿದೆ ಎಂದೆ. ಆಗ ಅವರಿಗೆ ಸಿಟ್ಟು ಬಂತು, ನೋಡಿ.

"ಸಗಣೀಲಿ ಸಾರಿಸೋ ಮನೆ ಕಣೆ ಇದು. ಗಂಜಲ ಕುಡಿದು ಶುದ್ಧ ಆಗೋ ಜನ ನಾವು. ನಿನ್ನ ಹೊಟ್ಟೆಪಾಡಿನ ಕೆಲಸ ಅದು ಅಂದಿದ್ರೆ, ಬೇರೆ ಮೂಲೇಲಿ ಒಣಗಿಸ್ಕೊ ಅಂತಿದ್ದೆ. ಅಷ್ಟೇ. ನನ್ನ ಅಷ್ಟು ಸಣ್ಣವಳು ಅಂದ್ಕೊಂಡ್ಯಾ?"

ನನಗೆ ಅಳು ಬಂತು. ಎದುರಿಗೆ ಆ ಬಟ್ಟಲಿದ್ದದ್ದರಿಂದ ನಡುನಡುವೆ ನಗುವೂ ಬಂತು. ಜಾನಕಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಮೂರ್ತಿಗಳು ಹೂ ತಂದಾಗ ದೇವರಿಗೆ ಶುದ್ಧ ಗಂಧದ ನೀರು ಸಿದ್ಧವಾಗಿತ್ತು, ಬೆಳ್ಳಿಬಟ್ಟಲು ಬಚ್ಚಲಲ್ಲಿ ಹುಣಸೆಹಣ್ಣಿನಿಂದ ಮೂರನೆಯ ಸಲ ಉಜ್ಜಿಸಿಕೊಳ್ಳುತ್ತಿತ್ತು. ಪುನುಗು ಕೆಟ್ಟಿತ್ತು ಎಂದು ಅವರಿಗೆ ಹೇಳಿದೆವು. ನನ್ನಿಂದ ಜಾನಕಮ್ಮನವರು ಭಾಷೆ ತೆಗೆದುಕೊಂಡರು: ಈ ವಿಷಯ ಈ ನಾಲ್ಕು ಗೋಡೆ ದಾಟಬಾರದು. ಗಂಡನಿಗೂ ತಿಳಿಯಬಾರದು, ಪಕ್ಕದ ಮನೆಯ ವನಜಾಕ್ಷಿಗಂತೂ ಪ್ರಾಣ ಹೋದರೂ ತಿಳಿಯಬಾರದು. ವನಜಾಕ್ಷಮ್ಮನವರಿಗೆ ತಿಳಿದರೆ ಅರಸೀಕೆರೆ ಜಂಕ್ಷನ್ನಿನಲ್ಲಿ ಅನೌನ್ಸ್ ಮಾಡಿದಂತೆ.

ಬೀಜ ಎಲ್ಲಿ ಎಂದು ಕೇಳಿದೆ. ಪುನುಗಿನಲ್ಲಿ ಯಾರೋ ಬೀಜ ಕಲಬೆರಕೆ ಮಾಡಿ ಹುಡುಗಿಗೆ ಮೋಸ ಮಾಡಿದ್ದಾರೆಂದು ಅವರು ಮರುಗಿ, ಎಷ್ಟಾದರೂ ಪುನುಗಿನಲ್ಲಿದ್ದದ್ದು, ತುಳಿಯುವ ಕಡೆ ಹಾಕಬಾರದೆಂದು, ಹಿತ್ತಿಲ ಪಾರಿಜಾತದ ಬುಡದಲ್ಲಿ ಸುರಿದು ಮಣ್ಣು ಮುಚ್ಚಿದ್ದರು. ಹದಿನೇಳೂ ಪೊಟ್ಟಣದ್ದು, ಒಟ್ಟಿಗೆ. ಚೀಟಿಗಳು ಒಲೆಗೆ ಹೋಗಿದ್ದವು. ಕಾಲೇಜಿನ ನಮ್ಮ ಗೈಡಿಗೆ ಫೋನು ಮಾಡಿದೆ. ದಾಖಲೆಯಿಲ್ಲದ ಬೀಜ ಬೀಜವೇ ಅಲ್ಲ, ಮತ್ತೆ ಸಂಗ್ರಹಿಸು ಎಂದರು. ನಿಂಗಣ್ಣನಿಗೆ ಫೋನು ಮಾಡಿದೆ. "ಹಣ್ಣೇ ಮುಗುದೋದ್ವಲ್ಲ ಮೇಡಮ್ಮೋರೆ. ಬೆಕ್ಕು ಬ್ಯಾರೇದ್ ತಿಂದ್ರೆ ನಿಮ್ ಬೀಜ ಎಲ್ಲಿಂದ ಬತ್ತದೆ?" ಎಂದ.

ಮೂರು ವಾರ ನಾನು ಊಟ ಸರಿಯಾಗಿ ಮಾಡಲಿಲ್ಲ. ಒಂದು ಬೆಳಿಗ್ಗೆ ಜಾನಕಮ್ಮನವರು ಹಿತ್ತಿಲಿಂದ ಕೂಗಿದರು. ಹೋಗಿ ನೋಡಿದರೆ ಪಾರಿಜಾತದ ಬುಡ ತುಂಬ ಹಸಿರು ಗುಂಪು. ಬೇವು ಆಗಲೇ ಎಲೆ ಬಿಚ್ಚಿತ್ತು, ನೇರಳೆ ಕೆಂಪಗೆ ತಲೆಯೆತ್ತಿತ್ತು, ನಡುವೆ ಗುರುತು ಸಿಗದ ಇನ್ನೆರಡು ಜಾತಿ. ನೆನೆಸಿ, ಕಿವುಚಿ, ತೊಳೆದು, ನೆರಳಲ್ಲಿ ಮಣ್ಣು ಮುಚ್ಚಿ, ದಿನಾ ನೀರು. ಯಾವ ನರ್ಸರಿಯಲ್ಲೂ ಇಷ್ಟು ಮಡಿಯಿಂದ ಬೀಜೋಪಚಾರ ಆಗಿರಲಾರದು. ಇಬ್ಬರೂ ಮಣ್ಣಿನಲ್ಲಿ ಕೂತು ಎಣಿಸಿದೆವು. ಇಬ್ಬರ ಲೆಕ್ಕವೂ ಬೇರೆ ಬೇರೆ ಬಂತು, ಮತ್ತೆ ಎಣಿಸಿದೆವು. ಕಾಫಿ ಒಲೆಯ ಮೇಲೆ ಉಕ್ಕಿಹೋಯಿತು. ನನಗೆ ಕುಣಿಯುವಂತಾಯಿತು. ಕುಣಿದೆ ಕೂಡ.

ಗೌರಿ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಆ ಅಧಿಕಾರಿಗಳು ಬಂದರು. ಹಿತ್ತಿಲಲ್ಲಿ ಸಸಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ನೋಡಿದರು. ಚೆನ್ನಾಗಿವೆ ಎಂದರು. ಆಮೇಲೆ, ಬೇವು ನೇರಳೆ ಯಾರ ಹಿತ್ತಿಲಲ್ಲಾದರೂ ಏಳುತ್ತವೆ, ಹಣ್ಣಿನ ಬೀಜ ಹಾಕಿದರೂ ಏಳುತ್ತವೆ, ಇವು ಬೆಕ್ಕಿನ ಹೊಟ್ಟೆಯಿಂದಲೇ ಬಂದವೆಂಬುದಕ್ಕೆ ಏನು ಆಧಾರ, ಚೀಟಿ ಎಲ್ಲಿ, ದಾಖಲೆ ಎಲ್ಲಿ ಎಂದು ಕೇಳಿದರು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನೇ ಆ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ. ಚೀಟಿಗಳು ಹೇಗೆ ಹೋದವೆಂದು ಹೇಳಲು ಕೊಟ್ಟ ಭಾಷೆ ಅಡ್ಡ ಬಂತು. ಇಂಗ್ಲಿಷಿನಲ್ಲಿ ಏನೇನೋ ತೊದಲಿದೆ. ಅವರು ಬೇಸರದಿಂದಲೇ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡರು. ಆ ಇಳಿಜಾರು ನನ್ನ ಕಣ್ಣೆದುರಿಗೇ ಗುಂಡಿ ಗುಂಡಿಯಾಯಿತು.

ಜಾನಕಮ್ಮನವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಜಗಲಿಯಲ್ಲಿ ಮೂರ್ತಿಗಳು ಪೇಪರು ಮಡಿಸಿ ಇತ್ತಲೇ ನೋಡುತ್ತಿದ್ದರು. ಮೋಟುಗೋಡೆಯಾಚೆ ವನಜಾಕ್ಷಮ್ಮನವರು ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತಿದ್ದರು. ಜಾನಕಮ್ಮನವರು ಒಮ್ಮೆ ಗಂಡನನ್ನು ನೋಡಿದರು, ಒಮ್ಮೆ ಗೋಡೆಯನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಿಲಿಗೆ ಇಳಿದರು.

"ಆಧಾರ ನಾನಿದೀನಿ. ಪುನುಗು ಅಂದ್ಕೊಂಡು ಬೆಕ್ಕಿನ ಹಿಕ್ಕೇನ ನಮ್ಮ ದೇವರ ಬೆಳ್ಳಿಬಟ್ಟಲಲ್ಲಿ ನೆನೆಸಿ, ಈ ಕೈಯಾರೆ ಕಿವುಚಿ, ಸೋಸಿ, ಇಲ್ಲಿ ಸುರಿದವಳು ನಾನು. ಹದಿನೇಳು ಪೊಟ್ಟಣ. ನಮ್ಮಂಥ ಮನೇಲಿ ಇಂಥ ವಿಷಯಾನ ಯಾರಾದ್ರೂ ಸುಳ್ಳು ಹೇಳ್ತಾರೇನ್ರೀ?"

ಗೋಡೆಯಾಚೆ ಬಕೆಟ್ಟು ಬಿದ್ದ ಸದ್ದಾಯಿತು. ಮೂರ್ತಿಗಳು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಅಧಿಕಾರಿಗಳು ಜಾನಕಮ್ಮನವರ ಹಣೆಯ ಕುಂಕುಮವನ್ನೂ, ಮಡಿಸೀರೆಯನ್ನೂ, ಮಣ್ಣಾದ ಕೈಯನ್ನೂ ನೋಡಿದರು. ಜೇಬಿನಿಂದ ಪೆನ್ನು ತೆಗೆದು, ಇಷ್ಟು ದೊಡ್ಡ ದಾಖಲೆ ತಾವು ಇದುವರೆಗೆ ನೋಡಿಲ್ಲವೆಂದರು. ಆ ವರ್ಷ ಇಳಿಜಾರಿಗೆ ಜೆಸಿಬಿ ಹತ್ತಲಿಲ್ಲ.